ಮಹಾದೇವಕ್ಕನ ಮೂರು ರಿಂಗು

ಅಮೆರಿಕದ ರಾಲಿ ಊರಿನ ಕನ್ನಡದವರಲ್ಲಿ ಮಹಾದೇವಕ್ಕನಿಗೆ ಎರಡು ಹೆಸರು. ಎದುರಿಗೆ ಅಕ್ಕ. ಬೆನ್ನ ಹಿಂದೆ ನೈನ್ ಒನ್ ಒನ್.

ಎರಡನೆಯ ಹೆಸರು ಅಂಟಿಕೊಂಡದ್ದು ಎಂಬತ್ತೊಂಬತ್ತರ ಮಾರ್ಚ್ ತಿಂಗಳಲ್ಲಿ. ಒಂದು ಸಂಜೆ ಆಕೆ ಹಿತ್ತಲ ಬಾಗಿಲು ತೆರೆದರೆ ಪೈನ್ ಮರಗಳ ಹಿಂದೆ ಆಕಾಶ ಕೆಂಪಗೆ ಹೊತ್ತಿಕೊಂಡಿತ್ತು. ಹುಬ್ಬಳ್ಳಿಯ ಹೆಣ್ಣಿಗೆ ಕೆಂಪು ಆಕಾಶಕ್ಕೆ ಇರುವುದು ಒಂದೇ ಅರ್ಥ: ಯಾವುದೋ ಹತ್ತಿ ಗೋದಾಮಿಗೆ ಬೆಂಕಿ ಬಿದ್ದಿದೆ. ಆಕೆ ತಡಮಾಡಲಿಲ್ಲ. ನೈನ್ ಒನ್ ಒನ್ ಒತ್ತಿ ಬೆಂಕಿ ಆರಿಸುವವರಿಗೆ ಫೋನ್ ಮಾಡಿದಳು. ಅಪಾರ್ಟ್‌ಮೆಂಟಿನ ಬಾಗಿಲುಗಳನ್ನೆಲ್ಲ ಬಡಿದು, ಚಡ್ಡಿ ಬನಿಯನ್ನಿನಲ್ಲಿದ್ದ ಅಮೆರಿಕನ್ನರನ್ನು ಹೊರಗೆಳೆದಳು. ಪಾಸ್‌ಪೋರ್ಟು, ಬಂಗಾರದ ಡಬ್ಬಿ ಸೆರಗಿಗೆ ಕಟ್ಟಿಕೊಂಡು, ಆಕಾಶಕ್ಕೆ ಬೆನ್ನು ಹಾಕಿ, ರಸ್ತೆ ಕಾಯುತ್ತ ನಿಂತಳು. ಕೊನೆಗೆ ಬೆಂಕಿ ಆರಿಸುವ ಲಾರಿ ಬಂತು. ಅದರಿಂದ ಇಳಿದ ದಢೂತಿ ಮನುಷ್ಯ ಮೇಲೆ ನೋಡಿದ, ಈಕೆಯನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ಬೆಂಕಿಯಲ್ಲ, ನಾರ್ದರ್ನ್ ಲೈಟ್ಸ್ ಅಂದ. ಉತ್ತರ ಧ್ರುವದ ಕಡೆಯವರಿಗಷ್ಟೇ ಕಾಣುವ ಬೆಳಕು, ಇಷ್ಟು ದಕ್ಷಿಣಕ್ಕೆ ಇಳಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ ಅಂದ. ಮಹಾದೇವಕ್ಕ ಗರ್ರನೆ ತಿರುಗಿ ನೋಡುವಷ್ಟರಲ್ಲಿ ಮೋಡ ಬಂದು ಮುಚ್ಚಿಕೊಂಡಿತ್ತು.

ಜನ ನಕ್ಕದ್ದು ಆಕೆಯನ್ನು ಅಷ್ಟಾಗಿ ಚುಚ್ಚಲಿಲ್ಲ. ಜಗತ್ತೇ ಹಾತೊರೆಯುವಂಥದ್ದು ಹಿತ್ತಲಿಗೆ ಬಂದು ನಿಂತಾಗ ತಾನು ಅದಕ್ಕೆ ಬೆನ್ನು ಹಾಕಿ ನಿಂತಿದ್ದೆನಲ್ಲ, ಅದು ಚುಚ್ಚಿತು. ಎರಡೂವರೆ ವರ್ಷ ಚುಚ್ಚುತ್ತಲೇ ಇತ್ತು.

ಆಕೆ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಉದ್ದದ ಪ್ಯಾಂಟು ಮೊಟಕು ಮಾಡುವ ಕೆಲಸದವಳು. ಖಗೋಳ ಗಿಗೋಳ ಓದಿದವಳಲ್ಲ. ಆದರೆ ಹಟಕ್ಕೆ ಬಿದ್ದಳು. ಲೈಬ್ರರಿಗೆ ಹೋಗಿ ಕೇಳಿದಳು, ಮ್ಯೂಸಿಯಮ್ಮಿನ ಮುದುಕನನ್ನು ಕಾಡಿದಳು. ತಿಳಿದದ್ದು ಇಷ್ಟು: ಸೂರ್ಯನಿಗೆ ಹನ್ನೊಂದು ವರ್ಷಕ್ಕೊಮ್ಮೆ ಮದ ಏರುತ್ತದೆ. ಆಗ ಅವನು ಉಗಿದದ್ದು ಭೂಮಿಗೆ ಬಡಿದರೆ ಉತ್ತರದ ಬೆಳಕು ತೆಂಕಣಕ್ಕೆ ಇಳಿಯುತ್ತದೆ. ಈಗ ಆ ಮದ ಇಳಿಯುವ ಹೊತ್ತು. ತಪ್ಪಿದರೆ ಮುಂದಿನ ಶತಮಾನವೇ ಗತಿ.

ಇದರ ಮೇಲೆ ಗಂಡ ಗುರುಶಾಂತಪ್ಪ ಇನ್ನೊಂದು ಗುದ್ದು ಕೊಟ್ಟ. ರಸ್ತೆ ಅಳೆಯುವ ಇಂಜಿನಿಯರು. ಒಲಿಂಪಿಕ್ಸ್ ಬರುತ್ತದೆಂದು ಅಟ್ಲಾಂಟದ ಕಡೆ ಊರೆಲ್ಲ ಅಗೆಯುತ್ತಿದ್ದರು, ಅವನಿಗೆ ಅಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಬರುವ ಡಿಸೆಂಬರಿನಲ್ಲಿ ಅಲ್ಲಿನ ನಾರ್‌ಕ್ರಾಸ್‌ಗೆ ಗಂಟುಮೂಟೆ.

“ಬೆಳಕು ಉತ್ತರದಾಗ ಕಾಣ್ತೈತಿ ಅಂತ ನಾ ಬಡಕೊಳ್ಳಾಕತ್ತೀನಿ, ನೀವು ನನ್ನ ದಕ್ಷಿಣಕ್ಕ ಎಳಕೊಂಡು ಹೊಂಟೀರಿ,” ಅಂದಳು.

“ನಾರ್‌ಕ್ರಾಸ್‌ನಾಗ ಮೆಂತೆ ಸೊಪ್ಪು ಸಿಗ್ತೈತಂತ,” ಅಂದ ಗುರುಶಾಂತಪ್ಪ. ಅವನು ಜಗಳಕ್ಕೆ ಸಿಗುವ ಪೈಕಿಯಲ್ಲ.

ಮಹಾದೇವಕ್ಕನ ಹತ್ತಿರ ಎರಡು ಅಸ್ತ್ರಗಳಿದ್ದವು. ಒಂದು, ಆಕಾಶವಾಣಿ ಹಿಡಿಯಲು ಕೊಂಡಿದ್ದ ಶಾರ್ಟ್‌ವೇವ್ ರೇಡಿಯೋ. ಅದರಲ್ಲಿ ಕೊಲರಾಡೊ ಕಡೆಯಿಂದ ದಿನವಿಡೀ ಗಡಿಯಾರದ ಹೊತ್ತು ಹೇಳುವ ಒಂದು ಸ್ಟೇಷನ್ನು ಸಿಗುತ್ತಿತ್ತು. ಗಂಟೆಗೊಮ್ಮೆ ಅದು ಸೂರ್ಯನ ಸಿಟ್ಟು ಎಷ್ಟೆಂದೂ ಓದುತ್ತಿತ್ತು. ಇನ್ನೊಂದು ಅಸ್ತ್ರ ಅಲಮೇಲು. ವಾಷಿಂಗ್ಟನ್ ಪಕ್ಕದ ರಾಕ್‌ವಿಲ್‌ನಲ್ಲಿದ್ದ ಮೈಸೂರಿನ ಅಯ್ಯಂಗಾರ್ ಹೆಂಗಸು. ಯಾರದೋ ಮದುವೆಯ ಅಡುಗೆ ಮನೆಯಲ್ಲಿ, ಗೊಜ್ಜಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಜಗಳವಾಡಿ ಗೆಳತಿಯರಾದವರು. ರಾಕ್‌ವಿಲ್ ಉತ್ತರಕ್ಕಿದೆ. ಬೆಳಕು ಬಂದರೆ ಅಲ್ಲಿ ಮೊದಲು ಕಾಣಬೇಕು.

ಆಗಿನ ಕಾಲದಲ್ಲಿ ದೂರದ ಊರಿಗೆ ಫೋನಿನಲ್ಲಿ ಮಾತಾಡುವುದೆಂದರೆ ಜೇಬು ಕೊಯ್ದುಕೊಂಡಂತೆ. ಆದರೆ ಆ ಕಡೆಯವರು ಎತ್ತದಿದ್ದರೆ ಪುಕ್ಕಟೆ. ಹೀಗಾಗಿ ನಮ್ಮ ಜನ ಫೋನಿನ ಗಂಟೆಯಲ್ಲೇ ಮಾತಾಡುವುದನ್ನು ಕಲಿತಿದ್ದರು. ಒಂದು ರಿಂಗ್ ಆಗಿ ನಿಂತರೆ ‘ಮನೆ ಮುಟ್ಟಿದೆವು’. ಎರಡಾದರೆ ‘ನೀವೇ ಫೋನ್ ಮಾಡಿ’. ಮಹಾದೇವಕ್ಕ ಮತ್ತು ಅಲಮೇಲು ಮೂರನೆಯದನ್ನು ಇಟ್ಟುಕೊಂಡರು: ಮೂರು ರಿಂಗ್ ಆಗಿ ನಿಂತರೆ ಬೆಳಕು ಕಂಡಿದೆ, ಹೊರಗೆ ಓಡು. ಮೂರು ಎಂಬುದು ಮಹಾದೇವಕ್ಕನ ಲೆಕ್ಕ. ಎಪ್ಪತ್ನಾಲ್ಕರ ರೈಲ್ವೆ ಮುಷ್ಕರದಲ್ಲಿ ಅವಳ ಅಣ್ಣ ಈರಣ್ಣ ಹುಬ್ಬಳ್ಳಿ ವರ್ಕ್‌ಶಾಪಿನ ಮುಷ್ಕರಗಾರ. ಪೊಲೀಸ್ ವ್ಯಾನು ಓಣಿಗೆ ತಿರುಗಿದರೆ ಹೆಂಗಸರು ತಾಟು ತಗೊಂಡು ಮೂರು ಸಲ ಬಡಿಯುತ್ತಿದ್ದರು. ಮೂರು ಬಿದ್ದರೆ ಗಂಡಸರು ಹಿತ್ತಲು ಹಾರಿ ಮಾಯ. ಯಾರೂ ಯಾಕೆ ಏನು ಎಂದು ಕೇಳುತ್ತಿರಲಿಲ್ಲ.

ತೊಂಬತ್ತೊಂದರ ನವೆಂಬರ್, ದೀಪಾವಳಿ ಅಮಾವಾಸ್ಯೆ ಕಳೆದ ಶುಕ್ರವಾರ. ಬೆಳಿಗ್ಗೆ ರೇಡಿಯೋ ತಿರುಗಿಸಿದರೆ ದೆಹಲಿ ಇಲ್ಲ, ಲಂಡನ್ ಇಲ್ಲ, ಬರೀ ಸೊರ್ರೆಂಬ ಸದ್ದು.

ಡಬ್ಬಗಳಿಗೆ ಟೇಪು ಅಂಟಿಸುತ್ತಿದ್ದ ಗುರುಶಾಂತಪ್ಪ, “ರೇಡಿಯೋ ಸತ್ತಂಗ ಐತಿ. ಹೊರೂದು ಒಂದು ಕಡಿಮಿ ಆತು,” ಅಂದ.

ಮಹಾದೇವಕ್ಕ ಕೈ ಮಾಡಿ ಸುಮ್ಮನಿರಿಸಿದಳು. ಕೊಲರಾಡೊದವನು ಮಾತ್ರ ತೆವಳುತ್ತ ಕುಂಟುತ್ತ ಕೇಳಿಸಿದ. ಅವನು ಓದಿದ ಅಂಕಿ ಕೇಳಿ ಆಕೆ ಎದ್ದು ನಿಂತಳು. ಈ ಎರಡೂವರೆ ವರ್ಷದಲ್ಲಿ ಅಷ್ಟು ದೊಡ್ಡ ಅಂಕಿಯನ್ನು ಅವನ ಬಾಯಲ್ಲಿ ಕೇಳಿರಲಿಲ್ಲ.

“ರೇಡಿಯೋ ಸತ್ತಿಲ್ರೀ! ಸೂರ್ಯ ಕೆರಳ್ಯಾನ! ಇವತ್ತ ಐತಿ, ಇವತ್ತ!”

“ಇವತ್ತ ಸಂಘದ ದೀಪಾವಳಿನೂ ಐತಿ,” ಅಂದ ಗಂಡ. “ಮುನ್ನೂರು ರೊಟ್ಟಿ ನಿನ್ನ ತಲೀ ಮ್ಯಾಲ ಅದಾವು.”

ಅದೇ ಗೋಳು. ಕನ್ನಡ ಸಂಘದವರು ಊರಾಚೆಯ ಒಂದು ಚರ್ಚಿನ ಹಾಲ್ ಹಿಡಿದಿದ್ದರು. ಮಹಾದೇವಕ್ಕನ ಜೋಳದ ರೊಟ್ಟಿ ಇಲ್ಲದೆ ಊಟವಿಲ್ಲ. ತಪ್ಪಿಸಿಕೊಳ್ಳುವಂತಿರಲಿಲ್ಲ. ಅಲಮೇಲುಗೆ ಆ ಹಾಲಿನ ಫೋನ್ ನಂಬರು ಕೊಟ್ಟು, ರೊಟ್ಟಿಯ ಬುಟ್ಟಿಗಳನ್ನು ವ್ಯಾನಿಗೆ ತುಂಬಿ, ಹೊತ್ತು ಮುಳುಗುವ ಮುಂಚೆ ಹೊರಟಳು. ಆಕಾಶ ತೊಳೆದಿಟ್ಟ ತಾಟಿನಂತಿತ್ತು. ದಾರಿಯುದ್ದಕ್ಕೂ ಕತ್ತು ಹೊರಗೆ ಚಾಚಿ ನೋಡುತ್ತಲೇ ಇದ್ದಳು.

ಹಾಲಿನಲ್ಲಿ ಬೆಳಕೋ ಬೆಳಕು. ಸಂಘದ ಅಧ್ಯಕ್ಷ ಕೃಷ್ಣಪ್ರಸಾದ, ಮೈಸೂರಿನವನು, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ದೊಡ್ಡ ಕಂಪ್ಯೂಟರ್ ಕಂಪನಿಯಲ್ಲಿ ಮ್ಯಾನೇಜರು, ಹಾಲಿನ ಅಷ್ಟೂ ಸ್ವಿಚ್ಚು ಒತ್ತಿಸಿದ್ದ. ಅವನ ಹೆಂಡತಿ ಕಾತ್ಯಾಯಿನಿ ಮೆಟ್ಟಿಲ ಮೇಲೆ, ಕಟ್ಟೆಯ ಮೇಲೆ, ಕಾರು ನಿಲ್ಲಿಸುವ ಅಂಗಳದ ಅಂಚಿಗೆ ಸಾಲಾಗಿ ಹಣತೆ ಹಚ್ಚಿಸಿದ್ದಳು. ಮೇಲೆ ಕಂಬದ ದೀಪಗಳು ಕಿತ್ತಳೆ ಬಣ್ಣ ಕಾರುತ್ತಿದ್ದವು. ಆಕಾಶ ಎಂಬುದೇ ಕಾಣುತ್ತಿರಲಿಲ್ಲ.

“ಏನಕ್ಕಾ, ಇವತ್ತು ಫೈರ್ ಸರ್ವೀಸ್‌ನವ್ರಿಗೂ ಇನ್ವಿಟೇಷನ್ ಕೊಟ್ಟಿದೀರಾ?” ಅಂದ ಕೃಷ್ಣಪ್ರಸಾದ.

“ಕೊಟ್ಟೀನಿ. ನಿಮ್ಮ ಭಾಷಣ ಚಾಲೂ ಆದ್ರ ಬಂದು ಪೈಪ್ ಬಿಡ್ರಿ ಅಂತ ಹೇಳೀನಿ.”

ಸುತ್ತಲಿದ್ದವರು ಗೊಳ್ಳೆಂದರು. ಆಕೆಯ ಕಣ್ಣು ಮಾತ್ರ ಅಡುಗೆ ಮನೆಯ ಹೊರಗಿನ ಗೋಡೆಯ, ಚಿಲ್ಲರೆ ಹಾಕಿ ಮಾತಾಡುವ ಫೋನಿನ ಮೇಲೆ.

ಆ ಫೋನಿನದೇ ಒಂದು ಪೇಚು. ದಾರಿ ತಪ್ಪಿದವರು ಕೇಳಲೆಂದು ಅದೇ ನಂಬರನ್ನು ಆಹ್ವಾನ ಪತ್ರದಲ್ಲೂ ಅಚ್ಚು ಹಾಕಿಸಿದ್ದರು. ಉತ್ತರ ಕೊಡಲು ಕಾರ್ಯದರ್ಶಿ ಪ್ರತಾಪ್ ಕಾವಲು ನಿಂತಿದ್ದ. ಕೆಲಸದಲ್ಲಿ ಬಲು ಚುರುಕು. ಒಂದು ರಿಂಗ್ ಮುಗಿಯುವ ಮೊದಲೇ ಎತ್ತಿ, “ಎಕ್ಸಿಟ್ ತಗೊಂಡು ಲೆಫ್ಟ್ ಮಾಡಿ, ಗ್ಯಾಸ್ ಸ್ಟೇಷನ್ ಪಕ್ಕ ರೈಟ್,” ಎಂದು ಬಾಯಿಪಾಠ ಒಪ್ಪಿಸುತ್ತಿದ್ದ.

ಮಕ್ಕಳ ಕುಣಿತ ನಡೆಯುತ್ತಿದ್ದಾಗ ಪ್ರತಾಪ್ ಅಡುಗೆ ಮನೆಗೆ ಬಂದು ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. “ಯಾರೋ ಲೇಡಿ ಅಕ್ಕಾ. ನಾನು ಲೆಫ್ಟ್ ಮಾಡಿ ಅನ್ನೋಷ್ಟರಲ್ಲಿ ‘ಯಾಕೋ ಎತ್ತಿದೆ, ಮಂಕು ಮುಂಡೇದೇ’ ಅಂತ ಬೈದು ಫೋನ್ ಕುಕ್ಕಿದ್ರು.”

ಮಹಾದೇವಕ್ಕನ ಕೈಯಲ್ಲಿದ್ದ ಸೌಟು ಎಣ್ಣೆಗಾಯಿಯಲ್ಲಿ ಮುಳುಗಿತು. “ಮೈಸೂರು ದನೀನೋ?”

“ಪಕ್ಕಾ ಮೈಸೂರು.”

“ಅಯ್ಯ ನಿನ್ನ! ಅದು ಅಲಮೇಲು!”

ಪ್ರತಾಪನಿಗೆ ತಲೆಬುಡ ತಿಳಿಯಲಿಲ್ಲ. ಮಹಾದೇವಕ್ಕನಿಗೆ ಸಿಟ್ಟು ಬಂದದ್ದು ಅಲಮೇಲುವಿನ ಮೇಲೆ. ಫೋನ್ ಎತ್ತಿದ್ದಾಯಿತು, ಕಾಸು ಬಿದ್ದದ್ದಾಯಿತು, ಆ ಕಾಸಿಗಾದರೂ ‘ಕಂಡಿತು’ ಅಥವಾ ‘ಕಾಣಲಿಲ್ಲ’ ಎಂದು ಒಂದು ಮಾತು ಒದರಬಾರದೇ? ಬೈಯುವುದಕ್ಕೆ ನಾಲಿಗೆ ಬಂತು, ಸುದ್ದಿ ಹೇಳಲು ಬರಲಿಲ್ಲ. ಉಳಿಸುವ ಚಟ ಹಾಗೆ. ಸುಟ್ಟರೂ ಬಿಡದು. ಅದಕ್ಕೂ ಮಿಗಿಲಾಗಿ, ಅವಳು ಬೆಳಕು ಕಂಡೇ ಮಾಡಿದಳೋ, ಏನೂ ಇಲ್ಲವೆಂದು ಹೇಳಲು ಮಾಡಿದಳೋ? ಮೂರು ಪೂರ್ತಿ ಆಗದೆ ತಿಳಿಯುವಂತಿಲ್ಲ. ತಿರುಗಿ ಮಾಡೋಣವೆಂದರೆ ಆ ಫೋನಿನ ಡಬ್ಬಕ್ಕೆ ಹಾಕಲು ಅಡುಗೆ ಮನೆಯಲ್ಲಿದ್ದ ಯಾರ ಬಳಿಯೂ ಚಿಲ್ಲರೆ ಇಲ್ಲ.

ಮಹಾದೇವಕ್ಕ ಸೌಟು ಬಿಟ್ಟು ಬಂದು ಫೋನಿನ ಮುಂದೆ ಗೇಟಿಗೆ ಅಡ್ಡ ಬಂದ ಮುಷ್ಕರಗಾರ್ತಿಯಂತೆ ನಿಂತಳು. “ಇನ್ನ ಇದನ್ನ ಯಾರೂ ಮುಟ್ಟೂ ಹಂಗಿಲ್ಲ.”

“ಅಕ್ಕಾ, ಜನ ಕಳೆದುಹೋಗ್ತಾರೆ!”

“ಹೋಗ್ಲಿ. ಹಸಿವಾದ್ರ ತಾವ ದಾರಿ ಹುಡಿಕ್ಕೊಂಡು ಬರ್ತಾರ.”

ಒಳಗೆ ಕೃಷ್ಣಪ್ರಸಾದನ ಭಾಷಣ ಏರಿತು. ಫೋನ್ ಬಾಯಿ ಬಿಡಲಿಲ್ಲ. ಭಾಷಣ ಕನ್ನಡ ನಾಡಿನ ವೈಭವಕ್ಕೆ ಬಂದು ಅಲ್ಲೇ ಗೂಟ ಹೊಡೆದುಕೊಂಡು ಕೂತಿತು. ಆಗ ಫೋನ್ ಬಾರಿಸಿತು. ಒಂದು. ಪ್ರತಾಪನ ಕೈ ತಾನಾಗಿ ಎದ್ದಿತು, ಮಹಾದೇವಕ್ಕ ಅದನ್ನು ಬಡಿದು ಇಳಿಸಿದಳು. ಎರಡು. ಮೂರು. ಇನ್ನೊಂದು ಬಂದರೆ ಮುಗಿಯಿತು.

ಬರಲಿಲ್ಲ. ಫೋನ್ ಬಾಯಿ ಮುಚ್ಚಿತು.

“ಬಂತೂ!” ಎಂದು ಮಹಾದೇವಕ್ಕ ಕೂಗಿದ ಕೂಗಿಗೆ ಕನ್ನಡ ನಾಡಿನ ವೈಭವ ಅಲ್ಲೇ ನಿಂತಿತು. ಆಕೆ ಸೆರಗು ಸಿಕ್ಕಿಸಿಕೊಂಡು ವೇದಿಕೆಯ ಮುಂದೆಯೇ ನುಗ್ಗಿದಳು. “ಎಲ್ಲಾರೂ ಹೊರಗ ನಡೀರಿ! ನಾರ್ದರ್ನ್ ಲೈಟ್ಸ್ ಬಂದೈತಿ! ಕೃಷ್ಣಪ್ರಸಾದ್, ಲೈಟ್ ಬಂದ್ ಮಾಡ್ರಿ, ಅಂಗಳದ್ದೂ, ಎಲ್ಲಾ!”

“ಅಕ್ಕಾ ಪ್ಲೀಸ್, ಪ್ರೋಗ್ರಾಂ ನಡೀತಿದೆ.”

“ನಿಮ್ಮ ಪ್ರೋಗ್ರಾಂ ವರ್ಷಾ ಇರ್ತೈತಿ. ಇದು ಇನ್ನ ಹತ್ತು ವರ್ಷ ಬರೂದಿಲ್ಲ. ನನಗಂತೂ ಬರೂದ ಇಲ್ಲ.”

ಜನ ಆಗಲೇ ಎದ್ದಿದ್ದರು. ಭಾಷಣದಿಂದ ಪಾರಾಗಲು ಅವರಿಗೆ ಆಕಾಶವೇ ಬೇಕೆಂದಿರಲಿಲ್ಲ, ಇಲಿ ಬಂದಿದೆ ಎಂದಿದ್ದರೂ ಏಳುತ್ತಿದ್ದರು. ಕೃಷ್ಣಪ್ರಸಾದ ಸೋತು ಸ್ವಿಚ್ ಬೋರ್ಡಿಗೆ ನಡೆದ. ಅಡ್ಡ ನಿಂತವಳು ಕಾತ್ಯಾಯಿನಿ.

“ಕರೆಂಟ್ ಬೇಕಾದ್ರೆ ಆಫ್ ಮಾಡ್ಕೊಳ್ಳಿ. ಹಣತೆ ಮುಟ್ಟೋ ಹಾಗಿಲ್ಲ. ದೀಪಾವಳಿಲಿ ಹಚ್ಚಿದ ದೀಪನ ಯಾರಾದ್ರೂ ಊದ್ತಾರಾ? ನಿಮ್ಮೂರಲ್ಲಿ ಊದ್ತಾರಾ ಅಕ್ಕಾ?”

ಮಹಾದೇವಕ್ಕನಿಗೂ ಅದು ಸರಿಯೆನಿಸಿತು. ಅವರೂರಲ್ಲೂ ಊದುವುದಿಲ್ಲ. ಒಂದು ಗಳಿಗೆ ಹಣತೆ ಸಾಲು ನೋಡಿದಳು. “ಊದೂದು ಬ್ಯಾಡ. ಎತ್ರಿ! ಒಬ್ಬೊಬ್ಬರು ಎರಡೆರಡು ಎತ್ತಿ ಅಡಿಗಿ ಮನ್ಯಾಗ ಇಟ್ಟು ಬಾಗಲಾ ಹಾಕ್ರಿ. ಲಕ್ಷ್ಮಿಗೆ ಒಳಗ ಬಾ ಅಂದ್ರ ಬ್ಯಾಡ ಅಂತಾಳೇನ?”

ರೇಷ್ಮೆ ಸೀರೆಯ ಹೆಂಗಸರು, ಜರಿ ಪಂಚೆಯ ಗಂಡಸರು, ಕೈಯಲ್ಲಿ ಹಣತೆ, ಅಂಗೈ ಅಡ್ಡ ಹಿಡಿದು ಗಾಳಿ ತಪ್ಪಿಸುತ್ತ ಸಾಲುಸಾಲಾಗಿ ಒಳಗೆ ನಡೆದರು. ಪಂಜಿನ ಮೆರವಣಿಗೆಗಳು ಊರು ಸುತ್ತುವುದುಂಟು, ಅಡುಗೆ ಮನೆ ಹೊಕ್ಕದ್ದು ಅದೊಂದೇ ಇರಬೇಕು. ಒಂದೊಂದಾಗಿ ಕಂಬದ ದೀಪಗಳೂ ಸತ್ತವು. ನೂರಿಪ್ಪತ್ತು ಜನ ಚಳಿಯಲ್ಲಿ ಅಂಗಳಕ್ಕೆ ಬಂದು ನಿಂತರು.

“ಉತ್ತರ ಯಾವ ಕಡೆ?” ಎಂದು ಯಾರೋ ಕೇಳಿದರು. ಊರಿನ ಅಷ್ಟೂ ಇಂಜಿನಿಯರುಗಳು ಅಲ್ಲಿದ್ದರು, ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು. ಕಾತ್ಯಾಯಿನಿಯೇ ಬಗೆಹರಿಸಿದಳು. “ದೇವರನ್ನ ಪೂರ್ವಕ್ಕೆ ಮುಖ ಮಾಡಿ ಕೂರಿಸಿದೀನಿ. ಅವನ ಎಡಗೈ ಕಡೆ ನೋಡಿ.”

ನೋಡಿದರು. ಕಪ್ಪು ಪೈನ್ ಮರಗಳು. ನಾಲ್ಕು ಚುಕ್ಕಿ. ಬೇರೇನಿಲ್ಲ.

“ಕಣ್ಣಿಗೆ ಕತ್ತಲು ಹತ್ತಬೇಕು, ತಡೀರಿ,” ಅಂದಳು ಮಹಾದೇವಕ್ಕ. ತಡೆದರು. ಯಾವುದೋ ಮಗು ಊಟ ಕೇಳಿತು. ಯಾರೋ ಸೀನಿದರು.

ಅಷ್ಟರಲ್ಲಿ ಒಂದು ಕಾರು ಅಂಗಳಕ್ಕೆ ನುಗ್ಗಿ, ಎರಡೂ ಹೆಡ್‌ಲೈಟು ಎಲ್ಲರ ಕಣ್ಣಿಗೆ ಚುಚ್ಚಿ ನಿಂತಿತು. ಇಳಿದವನು ಬದರಿನಾಥ, ಪಕ್ಕದ ಊರು ಡರಮ್‌ನಲ್ಲಿದ್ದ ಪ್ರೊಫೆಸರು, ಯಾವ ಊಟಕ್ಕೂ ಹೊತ್ತಿಗೆ ಬಂದವನಲ್ಲ.

“ಏನ್ರೀ ಸಂಘ ನಿಮ್ದು! ದಾರಿ ತಪ್ಪಿ ಗ್ಯಾಸ್ ಸ್ಟೇಷನ್ನಿಂದ ಫೋನ್ ಮಾಡಿದ್ರೆ ಎತ್ತೋರು ದಿಕ್ಕಿಲ್ಲ. ಮೂರು ರಿಂಗ್ ಕಾದೆ, ಇಟ್ಟುಬಿಟ್ಟೆ. ಅದ್ಸರಿ, ಕರೆಂಟ್ ಹೋಯ್ತಾ?”

ಪ್ರತಾಪ್ ಮಹಾದೇವಕ್ಕನನ್ನು ನೋಡಿದ. ನೋಡಿ ಸುಮ್ಮನಿರಲಾಗದೆ ಪಕ್ಕದವನಿಗೆ ಹೇಳಿದ, ಅವನು ಅವನ ಪಕ್ಕದವನಿಗೆ. ನಗೆ ಹಿಂದಿನ ಸಾಲಿನಿಂದ ಎದ್ದು ಮುಂದಕ್ಕೆ ಉರುಳಿ ಬಂತು. “ನೈನ್ ಒನ್ ಒನ್!” ಎಂದು ಯಾರೋ ಮೊದಲ ಸಲ ಎದುರಿಗೇ ಅಂದರು.

ಮಹಾದೇವಕ್ಕನ ಮುಖಕ್ಕೆ ಕಾವೇರಿತು. ಬಂದದ್ದು ಅಲಮೇಲುವಿನ ಮೂರಲ್ಲ, ಈ ದಾರಿ ತಪ್ಪಿದ ದಾಸಯ್ಯನ ಮೂರು. ಬೆಳಗಿನ ಅಂಕಿ ಹಗಲಲ್ಲೇ ಇಳಿದುಹೋಗಿರಬಹುದು. ಆದರೂ ತಾನು ನಿಂತಲ್ಲಿಂದ ಕದಲಲಿಲ್ಲ. ಒಮ್ಮೆ ಬೆನ್ನು ಹಾಕಿದ್ದು ಸಾಕು. ನಗುವವರು ಒಳಗೆ ಹೋಗಲಿ, ರೊಟ್ಟಿ ತಿನ್ನಲಿ. ತನ್ನ ಮುಖ ಮಾತ್ರ ಇವತ್ತು ಉತ್ತರಕ್ಕೇ.

ಗುರುಶಾಂತಪ್ಪ ಬಂದು ಪಕ್ಕದಲ್ಲಿ ನಿಂತ. “ಚಳಿ ಆಗ್ತೈತೇನ?”

“ಸುಮ್ಮನ ಮ್ಯಾಲ ನೋಡ್ರಿ.”

ಜನ ಬಾಗಿಲಿನ ಕಡೆ ಕರಗತೊಡಗಿದರು. ಬದರಿನಾಥನ ಹೆಡ್‌ಲೈಟು ಆರಿತು. ಕೃಷ್ಣಪ್ರಸಾದ ಹಿಂಬಾಗಿಲ ಪಕ್ಕದ ಸ್ವಿಚ್ ಬೋರ್ಡಿಗೆ ಕೈ ಹಾಕಿದ. ಆ ಬಾಗಿಲಿಗೆ ಗಾಜಿತ್ತು, ಗಾಜು ಉತ್ತರಕ್ಕಿತ್ತು. ಕೈ ಹಾಕಿದವನು ಹಾಗೇ ನಿಂತ. ಆಮೇಲೆ ಅವನ ಗಂಟಲಿನಿಂದ ಬಂದದ್ದು ಮೈಸೂರಿನ ಮೆದು ದನಿಯಲ್ಲ:

“ಫೈರ್! ಅಯ್ಯೋ, ಕಾಡಿಗೆ ಬೆಂಕಿ ಬಿದ್ದಿದೆ! ಮಕ್ಕಳನ್ನ ಕಾರಿಗೆ ಹತ್ತಿಸಿ!”

ಅವನು ಫೋನಿಗೆ ಓಡಿದ. ಒಂಬತ್ತು ಒತ್ತಿದ, ಒಂದು ಒತ್ತಿದ. ಇನ್ನೊಂದು ಒತ್ತುವಷ್ಟರಲ್ಲಿ, ಅದೇ ಕೆಂಪನ್ನು ಆಗಲೇ ಕಂಡಿದ್ದ ಮಹಾದೇವಕ್ಕ ಅಂಗಳದಿಂದ ಹಾರಿ ಬಂದು ಫೋನಿನ ಕೊಕ್ಕೆ ಅದುಮಿ ಹಿಡಿದಿದ್ದಳು. ಆಕೆಯ ಕಣ್ಣು ಹೊಳೆಯುತ್ತಿತ್ತು.

“ಬ್ಯಾಡ್ರಿ ಸಾಹೇಬ್ರ. ನಾ ಒಮ್ಮೆ ಕರದೀನಿ. ಭಾಳ ನಗ್ತಾರ.”

ಆಮೇಲೆ ಇಬ್ಬರೂ ಹೊರಗೆ ಓಡಿದರು. ಅಧ್ಯಕ್ಷನ ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಪೈನ್ ಮರಗಳ ತುದಿಯಿಂದ ಕೆಂಪು ಏರುತ್ತಿತ್ತು. ಮೊದಲು ಕುಂಕುಮ ಕಲಸಿದ ನೀರಿನಂತೆ ತೆಳ್ಳಗೆ, ಆಮೇಲೆ ಒಣಮೆಣಸಿನಕಾಯಿ ರಾಶಿ ಹಾಕಿದ ಹಾಗೆ ಗಾಢವಾಗಿ. ಅದರೊಳಗಿಂದ ಬಿಳಿಯ ಕಂಬಗಳು ಒಂದರ ಪಕ್ಕ ಒಂದು ಎದ್ದವು, ಬಾಗಿದವು, ಮಾಯವಾದವು, ಇನ್ನೆಲ್ಲೋ ಎದ್ದವು. ಚುಕ್ಕಿಗಳು ಕೆಂಪಿನ ಆಚೆ ಹಾಗೇ ಮಿನುಗುತ್ತಿದ್ದವು. ಸದ್ದಿಲ್ಲ, ಹೊಗೆಯಿಲ್ಲ, ಕಮಟಿಲ್ಲ. ಇದನ್ನು ಬೆಂಕಿ ಅಂದಿದ್ದೆನೇ ನಾನು, ಎಂದುಕೊಂಡಳು ಮಹಾದೇವಕ್ಕ. ಅಂದವಳ ಕಣ್ಣು ಕೀಳಬೇಕು!

“ಓ! ಓ! ಅಲ್ನೋಡಿ, ಎದ್ದಿತು! ಇನ್ನೊಂದು!” ನೂರಿಪ್ಪತ್ತು ಜನ ಒಟ್ಟಿಗೆ ಕಿರುಚುತ್ತಿದ್ದರು. ಪ್ರತಾಪ್ ಕುಣಿಯುತ್ತಿದ್ದ, ಅವನ ಕೈಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ಬದರಿನಾಥ ತನಗೆ ಮೊದಲೇ ಗೊತ್ತಿತ್ತು ಎನ್ನುತ್ತ ಯಾರಿಗೋ ಪಾಠ ಶುರು ಮಾಡಿದ. ಗುರುಶಾಂತಪ್ಪ ಬಾಯಿ ತೆರೆದವನು ಮುಚ್ಚುವುದನ್ನೇ ಮರೆತಿದ್ದ.

“ಇದು ನಾರ್‌ಕ್ರಾಸ್‌ನಾಗೂ ಕಾಣ್ತಿರಬೇಕೇನ?” ಅಂದ.

“ಲೈಟ್ ಬಂದ್ ಮಾಡೋರು ಇದ್ರ ಕಾಣ್ತೈತಿ. ಅಲ್ಲಿ ನಾ ಇನ್ನ ಹೋಗಿಲ್ಲಲ್ಲ.”

ಆಕೆಗೆ ಅಲಮೇಲು ನೆನಪಾದಳು. ಬದರಿನಾಥನ ಜೇಬಿನಿಂದ ಚಿಲ್ಲರೆಯನ್ನೆಲ್ಲ ಸುಲಿದುಕೊಂಡು ಹೋಗಿ ಡಬ್ಬಕ್ಕೆ ಹಾಕಿ ರಾಕ್‌ವಿಲ್‌ಗೆ ಹಚ್ಚಿದಳು. ಮೊದಲನೆಯ ರಿಂಗಿಗೇ ಆ ಕಡೆ ಎತ್ತಿದರು.

“ನೋಡಿದ್ರೇನ್ರೀ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

“ನಾನು ಸಾಯಂಕಾಲಾನೇ ಮಾಡಿದೆ ಕಣ್ರೀ, ಯಾವನೋ ಮಂಕ ಎತ್ತಿಬಿಟ್ಟ,” ಅಂದಳು ಅಲಮೇಲು. “ಆಮೇಲೆ ಫೋನ್ ಹತ್ರ ಬರೋದಕ್ಕೇ ಮನಸ್ಸಾಗಲಿಲ್ಲ. ಹಿತ್ತಲಲ್ಲೇ ನಿಂತಿದ್ದೆ. ಅನ್ನ ಸೀದುಹೋಯ್ತು. ಸರಿ, ಇಟ್ಟುಬಿಡ್ತೀನಿ, ಸುಮ್ನೆ ದುಡ್ಡು.”

“ಇಡಬ್ಯಾಡ್ರಿ! ಇಟ್ರ ನೋಡ್ರಿ ಮತ್ತ! ಇವತ್ತ ಪ್ರೊಫೆಸರ್ ಸಾಹೇಬ್ರ ರೊಕ್ಕ. ನಿಮ್ಮ ಕಡೆ ಹಸಿರೂ ಐತೇನು? ನಮ್ಮಲ್ಲಿ ಬರೀ ಕೆಂಪ. ಹೇಳ್ರಿ, ಪೂರಾ ಹೇಳ್ರಿ.”

ಫೋನಿನ ವೈರು ಗಿಡ್ಡ. ಅದನ್ನು ಎಳೆಯುವಷ್ಟು ಎಳೆದು, ಒಂದು ಕಾಲು ಹೊಸ್ತಿಲಾಚೆ ಇಟ್ಟು, ಕತ್ತು ಹೊರಗೆ ಚಾಚಿ, ಒಂದು ಕಿವಿಯಲ್ಲಿ ರಾಕ್‌ವಿಲ್ಲಿನ ಆಕಾಶ ಕೇಳುತ್ತ ಎರಡು ಕಣ್ಣಲ್ಲಿ ರಾಲಿಯದನ್ನು ನೋಡುತ್ತ ನಿಂತಳು ಮಹಾದೇವಕ್ಕ. ಹಿಂದಿನಿಂದ ಕಾತ್ಯಾಯಿನಿ ಬಂದು ಭುಜ ತಟ್ಟಿದಳು. ಅಡುಗೆ ಮನೆಯಲ್ಲಿ ಅಷ್ಟೂ ಹಣತೆ ಧಗಧಗ ಉರಿದು ಕುಲುಮೆಯಾಗಿದೆ, ಪಲ್ಯ ಮತ್ತೆ ಕುದಿಯುವಂತಿದೆ, ದೀಪ ಹೊರಗೆ ತರಲೇ ಎಂದು ಕೇಳಿದಳು.

ಮಹಾದೇವಕ್ಕ ಫೋನಿನ ಬಾಯಿಗೆ ಅಂಗೈ ಮುಚ್ಚಿ, ಗದ್ದದಲ್ಲೇ ಆಕಾಶ ತೋರಿಸಿದಳು.

“ಮೊದಲು ಅದು ಆರ್ಲಿ.”